ಬದರೀನಾಥರ ಹಳೇ ನಂಬರು

ಅಮೆರಿಕದ ನ್ಯೂಜೆರ್ಸಿಯ ಮನ್ರೋದಲ್ಲಿರುವ ಬದರೀನಾಥರಿಗೆ ಯಾವ ಯಂತ್ರ ಕಂಡರೂ ಕೈ ಸುಮ್ಮನಿರದು. ಇದು ಯಾಕೆ ಹೀಗೆ ಅಂತ ತಿಳಿಯುವ ತನಕ ಊಟ ರುಚಿಸದು. ಎಂಜಿನಿಯರ್ ಕೆಲಸದಿಂದ ನಿವೃತ್ತರಾದ ಮೇಲೆ ಪ್ರತಿ ಶನಿವಾರ ಲೈಬ್ರರಿಯಲ್ಲಿ ಕನ್ನಡದ ಹಿರಿಯರಿಗೆ ಫೋನ್ ಬಳಸುವ ಪಾಠ ಶುರುಮಾಡಿದರು. ಮೊದಲ ಮಾತು ಪ್ರತಿ ವಾರವೂ ಒಂದೇ: "ಕೋಡ್ ಬಂದ್ರೆ ಫೋನಲ್ಲಿ ಯಾರಿಗೂ ಹೇಳ್ಬೇಡಿ. ನಾನೇ ಕೇಳಿದ್ರೂ ಹೇಳ್ಬೇಡಿ!"

ಇಷ್ಟು ಹೇಳುವ ಮಹಾಶಯರು ಮಾಡಿದ್ದೇನು? ಪಾಠಕ್ಕೆ ಬರುವ ಹನ್ನೊಂದು ಜನರ ಫೋನ್ ಅಕೌಂಟಿಗೂ ಕೋಡ್ ಬರುವ ಜಾಗದಲ್ಲಿ ತಮ್ಮ ನಂಬರನ್ನೇ ಹಾಕಿಟ್ಟರು. ಹಿರಿಯರು ಗಾಬರಿಯಾಗಬಾರದು, ಕೋಡ್ ತಮಗೇ ಬರಲಿ ಅನ್ನುವ ಉಪಕಾರಬುದ್ಧಿ. ಆಮೇಲೆ ಮಗಳ ಫೋನಿನ ಫ್ಯಾಮಿಲಿ ಪ್ಲಾನಿಗೆ ಸೇರಿ, ಹಳೇ ನಂಬರು ಬಿಟ್ಟು ಹೊಸ ನಂಬರು ತಗೊಂಡರು. ಹನ್ನೊಂದು ಅಕೌಂಟಿನ ಸಂಗತಿ ಮರೆತೇಬಿಟ್ಟರು.

ಆ ಹನ್ನೊಂದು ಜನರಲ್ಲೊಬ್ಬರಾದ, ಪಕ್ಕದೂರು ಎಡಿಸನ್ನಿನ ಗೌರಮ್ಮನವರ ಫೋನು ವಾಷಿಂಗ್ ಮೆಷಿನ್ನಿಗೆ ಬಿದ್ದಾಗ ಬಣ್ಣ ಬಯಲಾಯಿತು. ತಮ್ಮ ಅಕ್ಕನಿಂದ ಹಾಡಿಸಿ ರೆಕಾರ್ಡ್ ಮಾಡಿದ್ದ ನಲವತ್ತು ಸೋಬಾನೆ ಪದಗಳು ಅವರ ಅಕೌಂಟಿನಲ್ಲಿದ್ದವು. ಅಕ್ಕನಿಗೆ ಈಗ ನೆನಪು ಕೈಕೊಟ್ಟಿದೆ, ಮತ್ತೆ ಹಾಡಿಸುವಂತಿಲ್ಲ. ಹೊಸ ಫೋನು ಕೋಡ್ ಕೇಳಿತು. ಕೋಡ್ ಬದರೀನಾಥರ ಹಳೇ ನಂಬರಿಗೆ ಹೋಯಿತು.

ತಮ್ಮ ಹಳೇ ನಂಬರು ಈಗ ಯಾರ ಹತ್ತಿರ ಇರಬಹುದು? ಅಂಥ ಆತಂಕದಲ್ಲೂ ಬದರೀನಾಥರಿಗೆ ಕುತೂಹಲ ತಡೆಯಲಾಗಲಿಲ್ಲ. ಡಯಲ್ ಮಾಡಿದರು. ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸಿನ ಸೀರೆ ಅಂಗಡಿಯ ಹೆಂಗಸೊಬ್ಬಳು ಎತ್ತಿಕೊಂಡು ಹಿಂದಿಯಲ್ಲಿ ಮಾತಾಡಿದಳು. ಕೋಡ್ ಅಂದದ್ದೇ ತಡ, ಅದನ್ನೆಲ್ಲ ಫೋನಿನಲ್ಲಿ ಯಾರಿಗೂ ಹೇಳುವುದಿಲ್ಲ, ಬೇಕಿದ್ದರೆ ಅಂಗಡಿಗೆ ಬನ್ನಿ ಅಂತ ಗದರಿದಳು. ಬದರೀನಾಥರಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಮರುದಿನ ಗೌರಮ್ಮನವರ ಜೊತೆ ಟ್ರೇನ್ ಹತ್ತಿದರು. ಅಂಗಡಿಯಲ್ಲಿ ಕೂತು ಮತ್ತೊಮ್ಮೆ ಕೋಡ್ ತರಿಸಿದರು. ಆ ಹೆಂಗಸು ಗೌರಮ್ಮನವರ ಐಡಿ ಇಸಿದುಕೊಂಡು, ಅವರ ಹೊಸ ಫೋನಿನಲ್ಲಿ ಕಾಣುತ್ತಿದ್ದ ಅಕೌಂಟಿನ ಹೆಸರಿನೊಂದಿಗೆ ತಾಳೆ ನೋಡಿ, ಆಮೇಲೆಯೇ ಅಂಕಿ ತೋರಿಸಿದಳು. ಅಂಕಿ ಒತ್ತಿದ್ದೇ ಸೋಬಾನೆ ಪದಗಳು ಒಂದೊಂದಾಗಿ ಬಂದವು. ರಾಶಿ ಸೀರೆಗಳ ನಡುವೆ ಅಕ್ಕನ ದನಿ ಕೇಳಿ ಗೌರಮ್ಮ ಅತ್ತೇಬಿಟ್ಟರು.

"ಈಗ ಇಲ್ಲಿ ನಿಮ್ಮ ನಂಬರ್ ಹಾಕಿ," ಬದರೀನಾಥರು ಫೋನನ್ನು ಅವರ ಕೈಗೇ ಕೊಟ್ಟರು.

ಗೌರಮ್ಮ ಕಣ್ಣೊರೆಸಿಕೊಂಡರು. "ನನ್ ನಂಬರ್ ಎಷ್ಟು ಅಂತ ನಂಗೆಲ್ಲಿ ಗೊತ್ತು? ನೀವು ಯಾವತ್ತು ಹೇಳ್ಕೊಟ್ರಿ?"

ಎರಡು ವರ್ಷದ ಪಾಠದಲ್ಲಿ ಅದೊಂದನ್ನು ಅವರು ಹೇಳಿಕೊಟ್ಟಿರಲಿಲ್ಲ. ಬದರೀನಾಥರು ಅಂಗಡಿಯ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು, ನಂಬರಿನ ಮೊದಲ ಮೂರು ಅಂಕಿ, ಏರಿಯಾ ಕೋಡಿನಿಂದ ಶುರುಮಾಡಿದರು.