ಏಸಿ ನೀರಿನ ಹುಲ್ಲು, ಗೌಜಲ ಮರಿಗಳು

ನಿಮ್ಮ ತಾತ ಹೋದ ಮೇಲೆ ನಾನು ಅರಬರ ನಾಡಿನ ಬನಿಯಾಸಿಗೆ, ನಿಮ್ಮ ಮನೆಗೆ ಬಂದು ಎರಡನೆಯ ವರ್ಷ. ಮನೆಯ ಹಿಂದೆ ಏಸಿಯ ನೀರು ತೊಟ್ಟಿಕ್ಕುತ್ತಿದ್ದ ಜಾಗ ನಿಮಗೆ ನೆನಪಿದೆಯೋ ಇಲ್ಲವೋ. ಚಳಿ ಕಳೆದು ಏಸಿ ಓಡಲು ಶುರುವಾಯಿತೆಂದರೆ ಅಲ್ಲಿ ಮೊಣಕಾಲೆತ್ತರ ಕಾಡುಹುಲ್ಲು ಬೆಳೆಯುತ್ತಿತ್ತು. ಉಳಿದದ್ದೆಲ್ಲ ಬರೀ ಮರಳು. ಒಂದು ಬೆಳಿಗ್ಗೆ ಅಕ್ಕಿ ತೊಳೆದ ನೀರು ಚೆಲ್ಲಲು ಹೋದಾಗ ಹಿಂದಿನ ಗೇಟಿನ ಸಂದಿಯಿಂದ ಗೌಜಲ ಹಕ್ಕಿಯೊಂದು ನುಸುಳಿ ಬಂತು. ಅದರ ಹಿಂದೆ ಆರು ಮರಿ, ಜಾಮೂನಿಗೆ ಕಾಲು ಬಂದ ಹಾಗೆ.

ನಮ್ಮೂರ ಹೊಲದ ಬದುವಿನಲ್ಲಿ ಕೂಗುವ ಹಕ್ಕಿ ಇಲ್ಲೂ ಸಂಸಾರ ಹೂಡಿದ್ದು ಕಂಡು ತವರಿನವರು ಬಂದಷ್ಟು ಖುಷಿಯಾಯಿತು. ಓಡಿಹೋಗಿ ನುಚ್ಚಕ್ಕಿ ತಂದು ಎರಚಿದೆ. ಮರಿಗಳು ಅದನ್ನು ತುಳಿದುಕೊಂಡೇ ಹೋದವು. ತಾಯಿ ಹುಲ್ಲಿನ ಬುಡ ಕೆದಕಿ 'ಟುಕ್ ಟುಕ್' ಎಂದದ್ದೇ ತಡ, ಇರುವೆಗೆ ಮುಗಿಬಿದ್ದವು. ಹಲ್ಲು ಬಾರದ ಕೂಸಿಗೆ ಚಕ್ಕುಲಿ ಕೊಟ್ಟೆನಲ್ಲ ಎಂದು ನಗು ಬಂತು. ಕಾವಿಗೆ ಕೂತಾಗ ಗೋಡೆಯಾಚೆಯ ಒಣ ಪೊದೆ ಅದಕ್ಕೆ ಸಾಕಾಗಿತ್ತೇನೋ. ಮರಿ ಹೊರಟ ಮೇಲೆ ತೇವ ಬೇಕು, ತೇವವಿದ್ದಲ್ಲೇ ಹುಳ.

ಆ ವಾರವೇ ನಿಮ್ಮಪ್ಪ ಪ್ಲಾಸ್ಟಿಕ್ ಹುಲ್ಲಿನ ಸುರುಳಿ ಹೊತ್ತು ತಂದರು. ಚಿಕ್ಕವನ ಹುಟ್ಟುಹಬ್ಬಕ್ಕೆ ಹಿತ್ತಲನ್ನೆಲ್ಲ ಕೆತ್ತಿ ಹಾಸುವುದಂತೆ. ನೀವಿಬ್ಬರೂ "ಯೇ! ಫುಟ್‌ಬಾಲ್!" ಎಂದು ಕುಣಿದಿರಿ.

ಹುಲ್ಲು ಕೆತ್ತಿದರೆ ಮರಿಗಳಿಗೆ ಹುಳವೆಲ್ಲಿ? ಬೇಡವೆನ್ನುವುದಾದರೂ ಹೇಗೆ? ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವ ರೂಢಿಯಿಲ್ಲ. ನಿಮ್ಮಮ್ಮನ ಮದುವೆಯಾದಾಗಿನಿಂದ ನಾನು ಹೇಳುವುದೆಲ್ಲ ಅವಳ ಮೂಲಕ, ಅವಳಿಲ್ಲದಾಗ ನಿಮ್ಮ ಮೂಲಕ. "ಅಪ್ಪಂಗೆ ಊಟಕ್ಕೆ ಏಳಕ್ಕೆ ಹೇಳು" ಎಂದರೆ ನೀವು ಕೂತಲ್ಲಿಂದಲೇ "ಡ್ಯಾಡ್, ಫುಡ್!" ಎಂದು ಕಿರುಚುತ್ತಿದ್ದಿರಿ. ಈ ಸಲ ನಿಮ್ಮಮ್ಮನಿಗೆ ಹೇಳಿದೆ. "ನೀನೇ ಹೇಳವ್ವ, ಅವರೇನು ಹುಲಿನಾ?" ಎಂದು ಅವಳು ಆಸ್ಪತ್ರೆಯ ಡ್ಯೂಟಿಗೆ ಹೊರಟೇಬಿಟ್ಟಳು.

ಶುಕ್ರವಾರ ನೀವಿನ್ನೂ ಎದ್ದಿರಲಿಲ್ಲ. ಹಿತ್ತಲಲ್ಲಿ ಸಲಿಕೆಯ ಸದ್ದು ಕೇಳಿತು. ಕಿಟಕಿಯಿಂದ ನೋಡಿದರೆ ನಿಮ್ಮಪ್ಪ ಹುಲ್ಲಿನ ಅಂಚಿಗೆ ಬಂದಾಗಿತ್ತು. ಒಳಗೆ ತಾಯಿ ಮರಿಗಳನ್ನು ರೆಕ್ಕೆಯಡಿ ಹಾಕಿಕೊಂಡು ಕಲ್ಲಿನಂತೆ ಕೂತಿತ್ತು. ಸೆರಗು ಹೊದೆಯುವುದನ್ನೂ ಮರೆತು ಹೊರಗೆ ಓಡಿದೆ.

"ನಿಲ್ಸಿ!"

ಅವರು ಬೆಚ್ಚಿ ಅತ್ತಿತ್ತ ನೋಡಿದರು. "ಅತ್ತೆ... ನಂಗಾ ಹೇಳಿದ್ದು?"

"ಮತ್ತೆ ಸಲಿಕೆಗಾ? ಅಲ್ಲಿ ಬಾಣಂತಿ ಕೂತವ್ಳೆ, ನೋಡ್ಕಳಿ."

ಬಗ್ಗಿ ನೋಡಿದರು. ಮರಿಯೊಂದು ರೆಕ್ಕೆಯಿಂದ ತಲೆ ಹೊರಹಾಕಿ ಅವರನ್ನೇ ನೋಡುತ್ತಿತ್ತು.

"ಅಯ್ಯೋ ಶಿವನೇ! ಹಸ್ರು ತಾನೇ ಬೇಕು ಇವಕ್ಕೆ? ತಂದಿದೀನಲ್ಲ, ಕಾರ್ಪೆಟ್ಟು."

"ನಿಮ್ಮ ಕಾರ್ಪೆಟ್ಟಲ್ಲಿ ಮಿಡತೆ ಹುಟ್ತವಾ?"

ನಿಮ್ಮಪ್ಪ ಜೋರಾಗಿ ನಕ್ಕರು. "ಎಲ್ಲಿವರ್ಗೂ ಬಿಡ್ಬೇಕು?"

"ಮರ ಹತ್ತಿ ಮಲಗೋದು ಕಲೀಲಿ. ಆಮೇಲೆ ಕಾಳೂ ತಿಂತವೆ, ಬಿಸ್ಲು ಏರಿದ್ರೆ ನೆರಳಿರೋ ಕಡೆ ಅವೇ ಹೋಗ್ತವೆ."

"ಸರಿ, ಖಲಾಸ್" ಎಂದು ಸಲಿಕೆಯನ್ನು ಗೋಡೆಗೆ ಒರಗಿಸಿದರು.

ಕಾರ್ಪೆಟ್ಟು ಮಹಡಿ ಹತ್ತಿತು. "ನಾಟ್ ಫೇರ್!" ಎಂದು ಮುಖ ಊದಿಸಿಕೊಂಡಿದ್ದ ನೀವೇ ಹುಟ್ಟುಹಬ್ಬದ ದಿನ ಕೇಕ್ ಬಿಟ್ಟು ಗೆಳೆಯರನ್ನೆಲ್ಲ ಮಹಡಿಯ ಅಂಚಿಗೆ ಕರೆದೊಯ್ದು ಮರಿ ತೋರಿಸಿದಿರಿ. ನಿಮ್ಮಪ್ಪನಂತೂ ಆಫೀಸಿನಿಂದ ಬಂದು ಶೂ ಬಿಚ್ಚದೆ ಹಿತ್ತಲಿಗೆ ಹೋಗುತ್ತಿದ್ದರು.

ಒಂದು ಮುಸ್ಸಂಜೆ ಚಪಾತಿ ಹಿಟ್ಟು ನಾದುತ್ತಿದ್ದೆ. "ಅತ್ತೆ! ಬೇಗ ಬನ್ನಿ!" ಎಂದು ಕೂಗು ಬಂತು. ಗೋಡೆಯ ಪಕ್ಕದ ಎಲಚಿ ಮರದ ಕೆಳಕೊಂಬೆಯಲ್ಲಿ ತಾಯಿ, ಪಕ್ಕದಲ್ಲಿ ಐದು ಮರಿ. ಇನ್ನೊಂದು ಕೆಳಗೆ ಎಗರುತ್ತಿತ್ತು, ಬೀಳುತ್ತಿತ್ತು.

"ಸ್ಟೂಲ್ ಇಡ್ಲಾ ಅತ್ತೆ?"

"ಸುಮ್ನಿರಿ, ನಿಮ್ಮನ್ನ ನೋಡಿ ನಾಚ್ಕಂಡೈತೆ."

ಇಬ್ಬರೂ ಹಿಂದೆ ಸರಿದು ನಿಂತೆವು. ಮರಿ ಮತ್ತೆ ರೆಕ್ಕೆ ಬಡಿಯಿತು. ಕೊಂಬೆ ತೂಗಿತು. ಉಳಿದವು ಗೊಣಗುತ್ತ ಒತ್ತರಿಸಿಕೊಂಡು ಅದಕ್ಕೂ ಜಾಗ ಮಾಡಿಕೊಟ್ಟವು.