ಹೊತ್ತು ಹೇಳುತ್ತಿದ್ದ ರೇಡಿಯೋ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹಳೇಬೀಡಿನ ಬಸದಿಯ ದಾರಿಯಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಕೆಟ್ಟ ರೇಡಿಯೋಗಳ ಬಿಡಿಭಾಗ ಕೂಡಿಸಿ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಮಾಡಿದೆ, ಎರಡು ತೆಂಗಿನಮರಗಳ ನಡುವೆ ತಂತಿ ಎಳೆದೆ. ಲೈಸೆನ್ಸಿನ ಮಾತೇ ಇರಲಿಲ್ಲ. ಪ್ರಸಾರ ನಾಲ್ಕು ಬೀದಿ ದಾಟುತ್ತಿರಲಿಲ್ಲ. ಜಂಬ ಮಾತ್ರ ಅರಸೀಕೆರೆ ಮುಟ್ಟುತ್ತಿತ್ತು.

ಸಂಜೆ ಮುಕ್ಕಾಲು ಗಂಟೆ ಹಾಡು, ಕೊನೆಗೆ ಒಂದು ಸೂಚನೆ: "ಸೂರ್ಯಾಸ್ತಕ್ಕೆ ಇನ್ನು ಐದು ನಿಮಿಷ." ಅದು ಎದುರು ಮನೆಯ ಜೈನರ ಅಜ್ಜಿಗಾಗಿ. ಹೊತ್ತು ಮುಳುಗಿದ ಮೇಲೆ ಅವರು ಹನಿ ನೀರನ್ನೂ ಮುಟ್ಟುವವರಲ್ಲ. ಕಣ್ಣು ಮಂಜಾಗಿತ್ತು, ಮಗ ಸೊಸೆ ಕತ್ತಲಾಗುವವರೆಗೆ ತಮ್ಮ ಅಂಗಡಿಯಲ್ಲಿರುತ್ತಿದ್ದರು. ನನ್ನ ಮಾತು ಕೇಳಿಯೇ ಅಜ್ಜಿ ದಿನದ ಕೊನೆಯ ಲೋಟ ನೀರು ಕುಡಿಯುತ್ತಿದ್ದರು. ಸರ್ಕಾರ ಕೊಡದ ಲೈಸೆನ್ಸನ್ನು ಅಜ್ಜಿ ಕೊಟ್ಟಿದ್ದಾರೆ ಎಂದು ನಾನು ಬೀಗುತ್ತಿದ್ದೆ.

ಬರಬರುತ್ತಾ ಸೋಮಾರಿತನ ಹತ್ತಿತು. ಸೂಚನೆಯನ್ನೂ ಕ್ಯಾಸೆಟ್ಟಿನ ಕೊನೆಗೆ ರೆಕಾರ್ಡ್ ಮಾಡಿಟ್ಟೆ. ಪಂಚಾಂಗ ನೋಡಿ, ಸರಿಯಾದ ಹೊತ್ತಿಗೆ ಕ್ಯಾಸೆಟ್ ಹಾಕಿ ಟೀ ಕುಡಿಯಲು ಹೋಗಿಬಿಡುತ್ತಿದ್ದೆ.

ಆಷಾಢದ ಒಂದು ಸಂಜೆ ಮೋಡ ಕವಿದು ಕರೆಂಟ್ ಹೋಗಿತ್ತು. ಟ್ರಾನ್ಸ್‌ಮಿಟರಿಗೆ ಕಾರಿನ ಬ್ಯಾಟರಿ ಇತ್ತು. ಟೇಪ್ ರೆಕಾರ್ಡರಿಗೆ ಹಳೆಯ ಸೆಲ್‌ಗಳನ್ನೇ ತುರುಕಿ ಹೊರಟೆ. ಹಿಂದಿರುಗುವಾಗ ಕೈಗಡಿಯಾರ ನೋಡಿದರೆ ಸೂರ್ಯಾಸ್ತವಾಗಿ ಐದು ನಿಮಿಷ ಕಳೆದಿತ್ತು. ಅಜ್ಜಿಯ ಮನೆಯ ಸೆಲ್ ರೇಡಿಯೋದಿಂದ ನನ್ನದೇ ದನಿ ಎಳೆದೆಳೆದು ಹೇಳುತ್ತಿತ್ತು: "ಇನ್ನು ಐದು ನಿಮಿಷ." ಸೆಲ್ ಸೋತು ಟೇಪು ನಿಧಾನವಾಗಿ ತಿರುಗಿತ್ತು.

ಓಡಿಹೋದೆ. ಅಷ್ಟರಲ್ಲಿ ಲೋಟ ಬರಿದಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮನಸ್ಸು ತಡೆಯಲಿಲ್ಲ, ಹೇಳಿಬಿಟ್ಟೆ.

ಅಜ್ಜಿ ಲೋಟ ಕೆಳಗಿಟ್ಟರು. "ದನಿ ದಪ್ಪಗಿತ್ತು. ಪಾಪ, ನಿಂಗೆ ನೆಗಡಿ ಆಗೈತೆ ಅಂದ್ಕೊಂಡೆ ಕಣಪ್ಪ," ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಮರುದಿನ ಅವರು ಉಪವಾಸವಿದ್ದರು. ನನಗೂ ಅನ್ನ ಸೇರಲಿಲ್ಲ.

ಆಮೇಲೆ ಕ್ಯಾಸೆಟ್ಟಿನ ಸೂಚನೆ ಬಿಟ್ಟು, ಗಡಿಯಾರ ಎದುರಿಗಿಟ್ಟುಕೊಂಡು ನಾನೇ ಮೈಕಿನಲ್ಲಿ ಹೊತ್ತು ಹೇಳತೊಡಗಿದೆ. ಎದುರು ಮನೆಯ ರೇಡಿಯೋ ಎಂದಿನಂತೆ ಹಾಡುತ್ತಿತ್ತು. ಅಜ್ಜಿ ಮತ್ತೆ ನಂಬಿದ್ದಾರೆ ಎಂದು ಸಮಾಧಾನಪಟ್ಟುಕೊಂಡೆ.

ವಾರ ಕಳೆದ ಮೇಲೆ ಅವರ ಸೊಸೆ ಅಂಗಡಿಗೆ ಬಂದರು. "ನಾಲ್ಕು ಗಂಟೆಗೆ ನಾನು ಮನೆಗೆ ಬಂದು ಹೋಗೋವಾಗ್ಲೇ ಅತ್ತೆ ನೀರು ಕುಡಿದು ಮುಗಿಸ್ಬಿಡ್ತಾರೆ ಕಣ್ರೀ. ರಾತ್ರಿಯೆಲ್ಲಾ ಗಂಟಲೊಣಗಿ ಒದ್ದಾಡ್ತಾರೆ. ಮತ್ತೆ ರೇಡಿಯೋ ಯಾಕೆ ಹಾಕ್ಕೊಂಡಿರ್ತೀರಾ ಅಂದ್ರೆ, ಹಾಕದೇ ಇದ್ರೆ ಆ ಹುಡುಗ ನೊಂದ್ಕೋತಾನೆ ಅಂತಾರೆ."