ಮಹಡಿಯ ಕಿಟಕಿಗೆ ಬಂದ ಗೊಂಬೆ

ಮದ್ದೂರಿನ ಯುಗಾದಿ ಮೆರವಣಿಗೆಯಲ್ಲಿ ಗಾರುಡಿ ಗೊಂಬೆ ಹೊರುವವರೊಬ್ಬರಿದ್ದರು. ಮಹಡಿ ಎತ್ತರದ, ಸೀರೆ ಉಟ್ಟ ಆ ಗೊಂಬೆಯೊಳಗೆ ನಿಂತು ಕುಣಿಯುತ್ತಿದ್ದರು. ನಾನು ಫೋನಿನಲ್ಲಿ ನೋಡಿ ತಮಟೆ ಕಲಿತವನು. ಅವರ ಮುಂದೆ ಬಾರಿಸುವುದೆಂದರೆ ನನಗೆ ಅದೇ ಹಬ್ಬ. ನಾನು ತಾಳ ಓಡಿಸಿದಾಗಲೆಲ್ಲ ಒಳಗಿನಿಂದ, "ನಿಧಾನ ಕಣ್ಲಾ, ಹೆಣ್ಣು ನಡೀತಾವ್ಳೆ" ಅನ್ನುತ್ತಿದ್ದರು. ಹೊರುವ ಮೊದಲು ಗೊಂಬೆಯ ಕೆನ್ನೆಯ ಧೂಳನ್ನು ಟವೆಲ್ಲಿನಿಂದ ಮೆತ್ತಗೆ ಒರೆಸುತ್ತಿದ್ದರು.

ಒಂದು ವರ್ಷ ಡಾಕ್ಟರು ಹೆಗಲ ಮೇಲೆ ಭಾರ ಬೇಡವೆಂದರು. "ಇನ್ನೊಂದ್ಸಲ ಗೊಂಬೆ ಒತ್ಕಂಡ್ರೆ ನಿನ್ ಮೊಕ ನೋಡಾಕಿಲ್ಲ" ಎಂದ ಹೆಂಡತಿ ಮಾತನ್ನೇ ಬಿಟ್ಟರು. ಆದರೂ ಇವರು ಹೊತ್ತರು.

ಮೆರವಣಿಗೆ ಅವರ ಬೀದಿಗೆ ಬಂತು. ಅವರ ಮನೆ ಮಹಡಿಯ ಮೇಲೆ, ಕಿಟಕಿ ಮುಚ್ಚಿತ್ತು. ಗೊಂಬೆ ಸಾಲು ಬಿಟ್ಟು ಹೋಗಿ ಆ ಕಿಟಕಿಗೆ ಮುಖ ಕೊಟ್ಟು ನಿಂತಿತು.

"ಏನಣ್ಣಾ ಇದು?" ಅಂದೆ.

"ನನ್ ಮೊಕ ನೋಡಾಕಿಲ್ಲ ಅಂದವ್ಳೆ. ಗೊಂಬೇದಾದ್ರೂ ನೋಡ್ಲಿ ಬುಡು. ಬಾರ್ಸಲಾ!"

ಬಾರಿಸಿದೆ. ಕಿಟಕಿ ತೆರೆಯಿತು. ಗೊಂಬೆಯ ಹೊಟ್ಟೆಯ ಕಿಂಡಿಯಿಂದ ಅವರಿಗೆ ಎದುರಿನ ಗೋಡೆಯಷ್ಟೇ ಕಾಣುತ್ತಿತ್ತು, ಮೇಲಿನದೇನೂ ಕಾಣದು.

"ಏನ್ಮಾಡ್ತಾವ್ಳೆ ಯೋಳ್ಲಾ. ಬೈತಾವ್ಳಾ?"

"ಬೈತಾವ್ರೆ ಕಣಣ್ಣ. ಬೈಕಂಡೇ ಗೊಂಬೆ ಸೆರಗು ಸರಿ ಮಾಡ್ತಾವ್ರೆ."

ಹಿಂದಿನವರು, "ನಡೀರ್ಲಾ ಮುಂದುಕ್ಕೆ, ರೋಡು ನಿಮ್ಮಪ್ಪಂದಾ?" ಎಂದು ಕೂಗುತ್ತಿದ್ದರು. ಆಕೆ ಕೈ ತೆಗೆಯುವವರೆಗೂ ಗೊಂಬೆ ಅಲುಗಲಿಲ್ಲ.